ಸ್ಟಾರ್ ಅಂಟಿಸೋ ಮೊದಲು ಮಕ್ಕಳು ಎಲ್ಲಿ ಕೂತಿದಾರೆ ನೋಡಿ

ಗೆಳೆಯರೇ, ಇದು ಉದ್ದದ ಪೋಸ್ಟು. ಮಕ್ಕಳನ್ನ ಸರ್ಕಾರಿ ಶಾಲೆಗೆ ಕಳಿಸ್ತಿರೋರು, ಎಸ್‌ಡಿಎಂಸಿಯಲ್ಲಿ ಇರೋರು, ಮೇಷ್ಟ್ರು ಕೆಲಸ ಮಾಡ್ತಿರೋ ನಮ್ಮ ಅಣ್ಣತಮ್ಮಂದಿರು, ಅಕ್ಕತಂಗಿಯರು ಪೂರ್ತಿ ಓದಿ. ಬೈಯೋದಿದ್ರೂ ಓದಿ ಬೈಯಿರಿ.

ನಮ್ಮ ಕೋಲಾರ ಸೀಮೆಯ ಕೆಲವು ಶಾಲೆಗಳಿಗೆ ಹೊಸದೊಂದು ಕಾರ್ಯಕ್ರಮ ಬರ್ತಾ ಇದೆ. ಹೆಸರು ‘ಸಕಾರಾತ್ಮಕ ವರ್ತನಾ ಬೆಂಬಲ’. ಯಾವುದೋ ಕಂಪನಿಯ ಸಿಎಸ್‌ಆರ್ ದುಡ್ಡು, ಒಂದು ಸಂಸ್ಥೆಯ ತರಬೇತಿ, ಕ್ಲಸ್ಟರ್ ಮಟ್ಟದಲ್ಲಿ ಎರಡು ದಿನದ ಕಾರ್ಯಾಗಾರ. ಸಾರಾಂಶ ಇಷ್ಟು: ಮಕ್ಕಳಿಗೆ ಹೊಡೀಬೇಡಿ, ಬೈಬೇಡಿ. ಒಳ್ಳೆ ನಡವಳಿಕೆ ಯಾವುದು ಅಂತ ಪಾಠದ ಹಾಗೇ ಹೇಳಿಕೊಡಿ. ಹಾಗೆ ನಡಕೊಂಡ ಮಗುವನ್ನ ಗುರುತಿಸಿ ಮೆಚ್ಚಿ. ತಪ್ಪು ಮಾಡಿದ ಮಗು ಯಾಕೆ ಮಾಡಿತು ಅಂತ ಕಾರಣ ಹುಡುಕಿ.

ಎಸ್‌ಡಿಎಂಸಿ ಸದಸ್ಯ ಅಂತ ನನ್ನನ್ನೂ ಕರೆದಿದ್ರು. ಎರಡು ದಿನವೂ ಕೂತು ಕೇಳಿದೀನಿ. ಕೇಳಿದ ಮೇಲೆ ನನ್ನ ನಿಲುವು ಇದು: ಈ ಕಾರ್ಯಕ್ರಮ ಬರಲೇಬೇಕು. ಆದರೆ ಈಗ ಬರ್ತಿರೋ ರೂಪದಲ್ಲಿ ಬಂದರೆ ಇದು ನಮ್ಮ ಮಕ್ಕಳ ಪಾಲಿಗೆ ಬೆತ್ತದ ಬದಲು ಬಂದ ಇನ್ನೊಂದು ಬೆತ್ತ ಆಗುತ್ತೆ. ಬೆತ್ತದ ಪೆಟ್ಟಾದರೂ ಮೈ ಮೇಲೆ ಕಾಣುತ್ತೆ. ಗೋಡೆ ಮೇಲಿನ ಚಾರ್ಟಿನ ಪೆಟ್ಟು ಕಾಣಲ್ಲ.

ಮೊದಲು ಬೆತ್ತದ ಪರವಾಗಿ ಇನ್ನೂ ಮಾತಾಡೋರ ಲೆಕ್ಕ ಮುಗಿಸಿಬಿಡ್ತೀನಿ. ‘ದಂಡಂ ದಶಗುಣಂ’ ಅಂತ ಒಬ್ಬ ಹಿರಿಯ ಮೇಷ್ಟ್ರು ಕಾರ್ಯಾಗಾರದಲ್ಲೇ ಎದ್ದು ನಿಂತು ಹೇಳಿದ್ರು. ಚಪ್ಪಾಳೆಯೂ ಬಿತ್ತು. ಸ್ವಾಮಿ, ಶಿಕ್ಷಣ ಹಕ್ಕು ಕಾಯ್ದೆ ಬಂದಿದ್ದು 2009ರಲ್ಲಿ, ಜಾರಿಯಾಗಿದ್ದು 2010ರ ಏಪ್ರಿಲ್ 1ಕ್ಕೆ. ಅದರ 17ನೇ ಸೆಕ್ಷನ್ ಓದಿ. ಮಗುವಿಗೆ ದೈಹಿಕ ಶಿಕ್ಷೆ ಕೊಡೋ ಹಾಗಿಲ್ಲ, ಮಾನಸಿಕ ಕಿರುಕುಳವನ್ನೂ ಕೊಡೋ ಹಾಗಿಲ್ಲ, ಕೊಟ್ಟೋರ ಮೇಲೆ ಸೇವಾ ನಿಯಮದ ಪ್ರಕಾರ ಶಿಸ್ತು ಕ್ರಮ. ಕಾನೂನಿನಲ್ಲಿ ಮುಗಿದುಹೋದ ವಾದವನ್ನ ಇನ್ನೂ ಮೈಕ್ ಹಿಡಿದು ಮಾಡ್ತೀರಲ್ಲ. ಇಷ್ಟು ವರ್ಷ ಆಯ್ಕೆ ಇದ್ದಿದ್ದು ಹೊಡೆಯೋದಾ ಬಿಡೋದಾ ಅನ್ನೋದಲ್ಲ, ಕಾನೂನು ಪಾಲಿಸೋದಾ ಮುರಿಯೋದಾ ಅನ್ನೋದು.

ಇನ್ನು ನಮ್ಮೋರು. ನಮ್ಮ ಕೇರಿಯ ತಾಯಂದಿರೇ ಶಾಲೆಗೆ ಬಂದು, “ನಾಲ್ಕು ಬಿಟ್ಟು ಬುದ್ಧಿ ಕಲಿಸಿ ಸಾ, ನಾವೇನೂ ಕೇಳಲ್ಲ” ಅಂತಾರೆ. ಇದನ್ನೇ ಸಾಕ್ಷಿ ಅಂತ ಮೇಷ್ಟ್ರುಗಳು ತೋರಿಸ್ತಾರೆ: ನೋಡಿ, ಪೋಷಕರೇ ಹೊಡೀರಿ ಅಂತಾರೆ ಅಂತ. ಆ ತಾಯಿ ಯಾಕೆ ಹಾಗಂತಾಳೆ ಗೊತ್ತೇನು? ಅವಳಿಗೆ ಶಾಲೆಯ ಒಳಗೆ ಬೇರೆ ಯಾವ ಮಾತಿನ ಅಧಿಕಾರವೂ ಇಲ್ಲ. ಪಾಠ ಸರಿ ಇಲ್ಲ ಅನ್ನೋ ಹಾಗಿಲ್ಲ, ಮೇಷ್ಟ್ರು ಬರಲಿಲ್ಲ ಅನ್ನೋ ಹಾಗಿಲ್ಲ. ಅಕ್ಷರ ಸಿಗೋದಾದ್ರೆ ಮಗನ ಮೈ ಕೊಡ್ತೀನಿ ಅನ್ನೋದೊಂದೇ ಅವಳ ಹತ್ತಿರ ಇರೋ ಚೌಕಾಶಿ. ಅದನ್ನ ಒಪ್ಪಿಗೆ ಅಂತ ಓದೋದು ಅನ್ಯಾಯ. ಹೊಡೆಸಿಕೊಳ್ಳೋದು ನಮ್ಮ ಸಂಸ್ಕೃತಿ ಅಲ್ಲ, ನಮ್ಮ ಮೇಲೆ ಹೇರಿದ್ದು. ಗೌಡರ ಜಗಲಿ ಮುಂದೆ, ಜೀತದ ಹೊಲದಲ್ಲಿ, ಠಾಣೆಯಲ್ಲಿ ನಮ್ಮ ಹಿರಿಯರು ಸಾಕಷ್ಟು ತಿಂದಿದಾರೆ. ಶಾಲೆಯಲ್ಲೂ ಬೇಡ.

ಈಗ ಅಸಲು ಜಗಳಕ್ಕೆ ಬರ್ತೀನಿ.

ಕಾರ್ಯಾಗಾರದಲ್ಲಿ ಒಂದು ಮಾದರಿ ಚಾರ್ಟ್ ಕೊಟ್ರು. ಎಡಗಡೆ ಮಕ್ಕಳ ಹೆಸರು. ಮೇಲ್ಗಡೆ ‘ಒಳ್ಳೆಯ ವರ್ತನೆ’ಗಳು: ಶುಚಿಯಾಗಿ ಬರುವುದು, ಸಮಯಕ್ಕೆ ಬರುವುದು, ಶುದ್ಧ ಮಾತು, ವಿನಯ, ಮನೆಗೆಲಸ ಮುಗಿಸುವುದು. ಪ್ರತಿ ದಿನ ಸ್ಟಾರ್. ತಿಂಗಳ ಕೊನೆಗೆ ಜಾಸ್ತಿ ಸ್ಟಾರ್ ಇರೋ ಮಗುವಿಗೆ ಪ್ರಾರ್ಥನೆ ಹೊತ್ತಲ್ಲಿ ಚಪ್ಪಾಳೆ, ಒಂದು ಪೆನ್ನು.

ನೋಡೋಕೆ ಎಷ್ಟು ಮುದ್ದಾಗಿದೆ ಅಲ್ವಾ? ಒಂದೊಂದು ಕಾಲಂ ಬಿಡಿಸಿ ನೋಡೋಣ.

ಶುಚಿ. ಕೇರಿಯ ನಲ್ಲಿಗೆ ವಾರಕ್ಕೆ ಎಷ್ಟು ದಿನ ನೀರು ಬರುತ್ತೆ ಅಂತ ಚಾರ್ಟ್ ಬರೆದೋರಿಗೆ ಗೊತ್ತಾ? ಕೋಲಾರದ ನೀರಿನ ಕಥೆ ಕರ್ನಾಟಕಕ್ಕೆಲ್ಲ ಗೊತ್ತು. ಒಂದೇ ಜೊತೆ ಸಮವಸ್ತ್ರದಲ್ಲಿ ವಾರ ತಳ್ಳೋ ಮಗು ಗುರುವಾರದ ಹೊತ್ತಿಗೆ ಹೇಗಿರುತ್ತೆ? ಅದು ಆ ಮಗುವಿನ ‘ವರ್ತನೆ’ ಹೇಗಾಗುತ್ತೆ? ಅಷ್ಟೇ ಅಲ್ಲ. ಈ ದೇಶದಲ್ಲಿ ಶುಚಿ ಅನ್ನೋ ಪದಕ್ಕೆ ಮೂರು ಸಾವಿರ ವರ್ಷದ ಮೈಲಿಗೆ ಅಂಟಿಕೊಂಡಿದೆ. ನಮ್ಮ ಮಗು ಸೋಪು ಹಾಕಿ ತಿಕ್ಕಿಕೊಂಡು ಬಂದ್ರೂ ಕೆಲವರ ಮೂಗಿಗೆ ‘ವಾಸನೆ’ ಬರುತ್ತೆ.

ಶುದ್ಧ ಮಾತು. ನಮ್ಮ ಕಡೆ ಎಷ್ಟೋ ಕೇರಿಗಳಲ್ಲಿ ಮನೆಮಾತು ತೆಲುಗು. ಮಗು ಕನ್ನಡವನ್ನ ಶಾಲೆಯಲ್ಲೇ ಮೊದಲು ಕಲಿಯೋದು. ಅದರ ನಾಲಿಗೆಯಲ್ಲಿ ಬರೋದು ತೆಲುಗು ಬೆರೆತ ಕನ್ನಡ. ಅದು ಅಶುದ್ಧ. ಅದೇ ಕಾನ್ವೆಂಟ್ ಮಗು ಇಂಗ್ಲಿಷ್ ಬೆರೆಸಿದ್ರೆ ಚೂಟಿ. ಇದನ್ನ ಅಳೆಯೋ ಸ್ಟಾರ್ ಯಾರದ್ದು?

ಸಮಯಕ್ಕೆ ಬರೋದು, ಮನೆಗೆಲಸ ಮುಗಿಸೋದು. ರೇಷ್ಮೆ ಮನೆಗೆ ಸೊಪ್ಪು ಹಾಕಿ, ತಂಗಿಯನ್ನ ಅಂಗನವಾಡಿಗೆ ಬಿಟ್ಟು ಬರೋ ಮಗುವಿನ ಬಗ್ಗೆ ನಾನು ಹೇಳಬೇಕಾಗಿಲ್ಲ, ಎಲ್ಲ ಟೀಚರಿಗೂ ಗೊತ್ತು.

ವಿನಯ. ಇದು ನನ್ನ ಹೊಟ್ಟೆ ಉರಿಸಿದ ಕಾಲಂ. ಅಪ್ಪ ತಲೆಯ ಟವೆಲ್ ಸೊಂಟಕ್ಕೆ ಕಟ್ಟಿಕೊಂಡು, ಕೈಕಟ್ಟಿ, ಕಣ್ಣು ನೆಲಕ್ಕೆ ಹಾಕಿ ನಿಂತಾಗ ಊರು ಅದನ್ನೇ ವಿನಯ ಅಂತ ಕರೀತಿತ್ತು. ಮಗ ಕಣ್ಣಲ್ಲಿ ಕಣ್ಣಿಟ್ಟು ‘ಯಾಕೆ ಸಾರ್?’ ಅಂದ್ರೆ ಅದು ಉದ್ಧಟತನ. ಅದೇ ಪ್ರಶ್ನೆಯನ್ನ ಪಕ್ಕದ ಬೆಂಚಿನ ಹುಡುಗ ಕೇಳಿದ್ರೆ ‘ಬುದ್ಧಿವಂತ, ಪ್ರಶ್ನೆ ಕೇಳ್ತಾನೆ’. ನೀವು ನಂಬದೇ ಇರಬಹುದು. ನಿಮ್ಮ ಶಾಲೆಯಲ್ಲಿ ಒಂದು ತಿಂಗಳು ಕಿವಿ ಕೊಟ್ಟು ಕೇಳಿ, ಯಾವ ಮಕ್ಕಳಿಗೆ ‘ಜಾಸ್ತಿ ಆಯ್ತು ನಿಂದು’ ಅನ್ನೋ ಮಾತು ಬೀಳುತ್ತೆ ಅಂತ.

‘ಎಲ್ಲದರಲ್ಲೂ ಜಾತಿ ಹುಡುಕ್ತೀರಿ ಸಾರ್ ನೀವು’ ಅಂತ ತರಬೇತುದಾರರು ನಗ್ತಾ ಹೇಳಿದ್ರು. ಅವರು ಕೆಟ್ಟೋರಲ್ಲ. ಆದರೆ ಅವರು ಕಲಿಸ್ತಿರೋ ಪದ್ಧತಿ ಹುಟ್ಟಿದ ಕಡೆ ಏನಾಯ್ತು ಅಂತ ಅವರಿಗೆ ಯಾರೂ ಹೇಳಿಕೊಟ್ಟ ಹಾಗಿಲ್ಲ. ನಾನು ಹೇಳ್ತೀನಿ.

ಇದು ಹುಟ್ಟಿದ್ದು ಅಮೆರಿಕದಲ್ಲಿ. 1980ರ ದಶಕದಲ್ಲಿ ಅಲ್ಲಿನ ಸಂಸ್ಥೆಗಳಲ್ಲಿ ಬೌದ್ಧಿಕ ಅಂಗವೈಕಲ್ಯ ಇರೋರನ್ನ ಹದ್ದುಬಸ್ತಿನಲ್ಲಿಡೋಕೆ ನೋವು ಕೊಡೋ ವಿಧಾನಗಳನ್ನ ಬಳಸ್ತಿದ್ರು, ವಿದ್ಯುತ್ ಶಾಕ್ ಕೂಡ. ಮನುಷ್ಯರನ್ನ ಹೀಗೆ ನಡೆಸಿಕೊಳ್ಳಬೇಡಿ, ಅವರ ವರ್ತನೆಗೆ ಕಾರಣ ಇರುತ್ತೆ, ಅವರ ಸುತ್ತಲಿನ ಪರಿಸರ ಬದಲಾಯಿಸಿ ಅಂತ ಹೊರಟವರ ವಿಚಾರ ಇದು. 1997ರಲ್ಲಿ ಅಂಗವಿಕಲ ಮಕ್ಕಳ ಶಿಕ್ಷಣದ ಕಾನೂನಿಗೆ ತಿದ್ದುಪಡಿ ಆದಾಗ ಈ ಮಾತು ಕಾನೂನಿನ ಒಳಗೂ ಬಂತು. ಆರೆಗಾನ್ ವಿಶ್ವವಿದ್ಯಾಲಯದವರು ಅದನ್ನ ಇಡೀ ಶಾಲೆಗೆ ಹಿಗ್ಗಿಸಿದ್ರು. ಎಲ್ಲ ಮಕ್ಕಳಿಗೂ ಮೊದಲ ಹಂತ, ಸ್ವಲ್ಪ ತೊಂದರೆ ಇರೋರಿಗೆ ಎರಡನೇ ಹಂತ, ತುಂಬಾ ಕಷ್ಟದಲ್ಲಿರೋ ಕೆಲವೇ ಮಕ್ಕಳಿಗೆ ಮೂರನೇ ಹಂತ. ಹುಟ್ಟಿನಲ್ಲೇ ಇದು ಮನುಷ್ಯನ ಘನತೆಯ ಪರವಾದ ಚಳವಳಿ. ಅದಕ್ಕೇ ನನಗೆ ಇದರ ಮೇಲೆ ಗೌರವ.

ಆದರೆ ಅದೇ ದೇಶದಲ್ಲಿ ಕಪ್ಪು ಮಕ್ಕಳ ಗತಿ ಏನು? 2013–14ರ ಲೆಕ್ಕ ಇಟ್ಟುಕೊಂಡು ಅಲ್ಲಿನ ಸರ್ಕಾರದ ಲೆಕ್ಕಪರಿಶೋಧನಾ ಸಂಸ್ಥೆಯೇ 2018ರಲ್ಲಿ ವರದಿ ಕೊಟ್ಟಿತು. ಸರ್ಕಾರಿ ಶಾಲೆಯ ಮಕ್ಕಳಲ್ಲಿ ಕಪ್ಪು ಮಕ್ಕಳು ಶೇ 15.5. ಶಾಲೆಯಿಂದ ಅಮಾನತಾದ ಮಕ್ಕಳಲ್ಲಿ ಅವರು ಶೇ 39ರಷ್ಟು. ಕಪ್ಪು ಮಕ್ಕಳು ಜಾಸ್ತಿ ತಪ್ಪು ಮಾಡ್ತಾರೆ ಅಂತೀರಾ? ರಸೆಲ್ ಸ್ಕಿಬಾ ಅನ್ನೋ ಸಂಶೋಧಕ ಮತ್ತು ಅವರ ಜೊತೆಗಾರರು 2002ರಲ್ಲಿ ಪ್ರಕಟಿಸಿದ ಅಧ್ಯಯನ ಓದಿದ್ರೆ ಆ ಬಾಯಿ ಮುಚ್ಚುತ್ತೆ. ಬಿಳಿ ಮಕ್ಕಳನ್ನ ಹೆಡ್ಮಾಸ್ಟರ್ ಹತ್ತಿರ ಕಳಿಸ್ತಿದ್ದಿದ್ದು ಕಣ್ಣಿಗೆ ಕಾಣೋ ತಪ್ಪುಗಳಿಗೆ: ಸಿಗರೇಟು ಸೇದಿದ್ದು, ವಸ್ತು ಒಡೆದದ್ದು, ಹೇಳದೆ ಹೊರಗೆ ಹೋದದ್ದು. ಕಪ್ಪು ಮಕ್ಕಳನ್ನ ಕಳಿಸ್ತಿದ್ದಿದ್ದು ನೋಡುವವರ ಕಣ್ಣಲ್ಲಿರೋ ತಪ್ಪುಗಳಿಗೆ: ಅಗೌರವ, ಜಾಸ್ತಿ ಗಲಾಟೆ, ಸುಮ್ಮನೆ ನಿಂತಿದ್ದು.

ಅಗೌರವ. ಗಲಾಟೆ. ಅರ್ಥ ಆಯ್ತಾ ‘ವಿನಯ’ದ ಕಾಲಂ ನನ್ನ ಹೊಟ್ಟೆ ಯಾಕೆ ಉರಿಸಿತು ಅಂತ?

ಅಲ್ಲಿನ ಕಪ್ಪು ಜನ, ಅವರ ಜೊತೆ ನಿಂತ ಶಿಕ್ಷಕರು ಜಗಳ ಮಾಡಿದ್ದರಿಂದ ಒಂದು ಕೆಲಸ ಆಯ್ತು. ಯಾವ ಮಗುವಿನ ಮೇಲೆ, ಯಾವ ಕಾರಣಕ್ಕೆ, ಯಾವ ಹೊತ್ತಲ್ಲಿ, ಯಾವ ಜಾಗದಲ್ಲಿ ದೂರು ಬಂತು ಅನ್ನೋದನ್ನ ಬರೆದಿಟ್ಟು, ಅದನ್ನ ಜನಾಂಗದ ಪ್ರಕಾರ ಬೇರೆ ಬೇರೆ ಮಾಡಿ ನೋಡೋದು ಈ ಪದ್ಧತಿಯ ಭಾಗ ಆಯ್ತು. ಅದರಿಂದ ಎಲ್ಲ ಸರಿ ಹೋಗಿದೆ ಅಂತ ನಾನು ಹೇಳಲ್ಲ. ಆದರೆ ಕನ್ನಡಿ ಆದರೂ ಇದೆ. ನಮ್ಮ ಊರಿಗೆ ಬರೋವಾಗ ಚಾರ್ಟ್ ಬಂತು, ಸ್ಟಾರ್ ಬಂತು, ಲ್ಯಾಮಿನೇಟ್ ಮಾಡಿದ ಪೋಸ್ಟರ್ ಬಂತು. ಕನ್ನಡಿ ಮಾತ್ರ ಬರಲಿಲ್ಲ. ದಾರಿಯಲ್ಲಿ ಬಿದ್ದೋಯ್ತು ಅಂತ ಕಾಣುತ್ತೆ!

ಈ ಪದ್ಧತಿಯನ್ನ ಪ್ರಾಮಾಣಿಕವಾಗಿ ಮಾಡಿದ್ರೆ ಏನಾಗುತ್ತೆ ಅನ್ನೋದಕ್ಕೆ ನನ್ನ ಕಣ್ಣಾರೆ ಕಂಡ ಒಂದು ಶಾಲೆಯ ವಿಷಯ ಹೇಳಲೇಬೇಕು. ಊರಿನ ಹೆಸರು ಬೇಡ.

ಆರನೇ ಕ್ಲಾಸಿನ ಹುಡುಗ. ನಮ್ಮೋನು. ಐದು ದಿನ ಬರ್ತಾನೆ, ಶನಿವಾರ ಬರಲ್ಲ. ಬಂದ್ರೂ ಹನ್ನೊಂದರ ಮೇಲೆ. ‘ಶನಿವಾರದ ಕಳ್ಳ’ ಅಂತ ಮೇಷ್ಟ್ರುಗಳೇ ಹೆಸರಿಟ್ಟಿದ್ರು. ಬಸ್ಕಿ ಹೊಡೆಸಿದ್ರು, ಬಿಸಿಲಲ್ಲಿ ಮಂಡಿಯೂರಿಸಿದ್ರು, ಅಜ್ಜಿಯನ್ನ ಕರೆಸಿ ಬೈದ್ರು. ಅಜ್ಜಿ ಶಾಲೆ ಬಾಗಿಲಲ್ಲೇ ಅವನಿಗೆ ಎರಡು ಬಿಟ್ಟಳು. ಏನೂ ಬದಲಾಗಲಿಲ್ಲ.

ಆಮೇಲೆ ಆ ಶಾಲೆಗೆ ಒಬ್ಬ ಹೊಸ ಟೀಚರಮ್ಮ ಬಂದ್ರು. ಅವರು ಯಾವ ಕಾರ್ಯಾಗಾರಕ್ಕೂ ಹೋದೋರಲ್ಲ. ಒಂದು ನೂರು ಪೇಜಿನ ನೋಟ್‌ಬುಕ್ ಇಟ್ಟುಕೊಂಡು ಬರೀತಾ ಹೋದ್ರು: ಯಾವ ದಿನ, ಎಷ್ಟು ಹೊತ್ತಿಗೆ ಬಂದ, ಬರೋಕೆ ಮುಂಚೆ ಶಾಲೆಯಲ್ಲಿ ಏನು ನಡೀತಿತ್ತು, ಬಂದ ಮೇಲೆ ಏನಾಯ್ತು. ಮೂರು ವಾರಕ್ಕೇ ಗೊತ್ತಾಗೋಯ್ತು. ಶನಿವಾರ ಬೆಳಿಗ್ಗೆ ಮೊದಲ ಗಂಟೆ ‘ಶ್ರಮದಾನ’. ಊರಿನ ಮಕ್ಕಳಿಗೆ ಕೈತೋಟ, ಹೂವಿನ ಗಿಡ, ಬೋರ್ಡಿಗೆ ಕಪ್ಪು ಬಳಿಯೋದು. ಕೇರಿಯ ನಾಲ್ಕು ಹುಡುಗರಿಗೆ ಬಕೆಟ್ಟು, ಪೊರಕೆ, ಪಾಯಿಖಾನೆ. ಯಾರೂ ಪಟ್ಟಿ ಮಾಡಿ ಹಂಚಿದ್ದಲ್ಲ. ‘ತಾನಾಗೇ’ ಹಾಗಾಗಿತ್ತು. ಈ ದೇಶದಲ್ಲಿ ತಾನಾಗೇ ಆಗೋ ವಿಷಯಗಳ ಪಟ್ಟಿ ಬಲು ದೊಡ್ಡದು.

ಆ ಹುಡುಗ ಪಾಠ ಬಿಟ್ಟು ಓಡ್ತಿರಲಿಲ್ಲ. ಪಾಯಿಖಾನೆ ಬಿಟ್ಟು ಓಡ್ತಿದ್ದ. ಅವನ ವಯಸ್ಸಿನಲ್ಲಿ ಅವನಿಗೆ ಸಿಕ್ಕ ಒಂದೇ ಚಳವಳಿಯ ದಾರಿ ಅದು, ಗೈರುಹಾಜರಿ.

ಟೀಚರಮ್ಮ ಹೆಡ್ಮಾಸ್ಟರ್ ಹತ್ತಿರ ಜಗಳ ಆಡಿ ಶನಿವಾರದ ಪಾಯಿಖಾನೆ ಕೆಲಸ ನಿಲ್ಲಿಸಿದ್ರು. ಉಳಿದ ಕೆಲಸಕ್ಕೆ ಚೀಟಿ ಎತ್ತೋ ಪದ್ಧತಿ ತಂದ್ರು. ಚೀಟಿಯಲ್ಲಿ ಗುಡಿಸೋದು ಬಂದಾಗ ಊರಿನ ಇಬ್ಬರು ಪೋಷಕರು ಬಂದು ಕೂಗಾಡಿದ್ರು, ಅದು ಬೇರೆ ಮಾತು. ಹುಡುಗ ಮುಂದಿನ ಶನಿವಾರದಿಂದಲೇ ಶಾಲೆಗೆ ಬಂದ. ಒಂದು ಸ್ಟಾರ್ ಇಲ್ಲ, ಒಂದು ಪೆನ್ನು ಇಲ್ಲ.

ಸಕಾರಾತ್ಮಕ ವರ್ತನಾ ಬೆಂಬಲ ಅಂದ್ರೆ ಇದು ಸ್ವಾಮಿ. ವರ್ತನೆಗೆ ಮುಂಚೆ ಏನಿತ್ತು, ಆಮೇಲೆ ಏನಾಯ್ತು, ಮಗು ಅದರಿಂದ ಏನು ಪಡೀತಿದೆ, ಯಾವುದರಿಂದ ತಪ್ಪಿಸಿಕೊಳ್ತಿದೆ ಅಂತ ಕೇಳೋದು. ಪುಸ್ತಕದಲ್ಲೂ ಇದೇ ಇದೆ. ಆದರೆ ‘ಮುಂಚೆ ಏನಿತ್ತು’ ಅನ್ನೋ ಕಾಲಂನಲ್ಲಿ ಜಾತಿ ಅಂತ ಬರೆಯೋಕೆ ಕೈ ನಡುಗೋರಿಂದ ಈ ಕೆಲಸ ಆಗಲ್ಲ. ಅವರು ಹುಡುಗನ ಚಾರ್ಟಿಗೆ ‘ಶನಿವಾರ ಬಂದರೆ ಎರಡು ಸ್ಟಾರ್’ ಅಂತ ಬರೀತಿದ್ರು. ಅಂದ್ರೆ ಪಾಯಿಖಾನೆ ತೊಳೆಯೋಕೆ ನಗ್ತಾ ಬರೋ ಹಾಗೆ ತರಬೇತಿ ಕೊಡ್ತಿದ್ರು!

ಇದು ಉತ್ಪ್ರೇಕ್ಷೆ ಅನ್ನೋರು 2023ರ ಡಿಸೆಂಬರ್ ನೆನಪು ಮಾಡಿಕೊಳ್ಳಿ. ಇದೇ ನಮ್ಮ ಜಿಲ್ಲೆ, ಮಾಲೂರು ತಾಲ್ಲೂಕು, ಯಲುವಹಳ್ಳಿಯ ಮೊರಾರ್ಜಿ ದೇಸಾಯಿ ವಸತಿ ಶಾಲೆ. ಮಕ್ಕಳನ್ನ ಶೌಚಗುಂಡಿಗೆ ಇಳಿಸಿದ ವಿಡಿಯೋ ಹೊರಗೆ ಬಂತು. ಅಮಾನತು ಆಯ್ತು, ಕೇಸು ಆಯ್ತು, ಮಕ್ಕಳ ಕೈಯಲ್ಲಿ ಶೌಚಾಲಯ ತೊಳೆಸಬಾರದು ಅಂತ ಸುತ್ತೋಲೆ ಬಂತು. ವಿಡಿಯೋ ಇಲ್ಲದ ಶಾಲೆಗಳ ಗತಿ? ಆ ಗುಂಡಿಗೆ ಇಳಿಯಲ್ಲ ಅಂತ ಒಂದು ಮಗು ಹಠ ಹಿಡಿದಿದ್ರೆ, ಆ ದಿನದ ಚಾರ್ಟಿನಲ್ಲಿ ಅದಕ್ಕೆ ‘ವಿಧೇಯತೆ’ಯ ಸ್ಟಾರ್ ಸಿಗ್ತಿತ್ತಾ?

ಓಂಪ್ರಕಾಶ್ ವಾಲ್ಮೀಕಿಯವರ ‘ಜೂಠನ್’ ಓದಿದೋರಿಗೆ ನೆನಪಿರುತ್ತೆ. ಹೆಡ್ಮಾಸ್ಟರ್ ಆ ಹುಡುಗನ ಕೈಗೆ ಪೊರಕೆ ಕೊಟ್ಟು ದಿನಗಟ್ಟಲೆ ಶಾಲೆ ಗುಡಿಸಿಸ್ತಾನೆ. ಮೂರನೇ ದಿನ ಹುಡುಗ ಸುಮ್ಮನೆ ಹೋಗಿ ಕ್ಲಾಸಿನಲ್ಲಿ ಕೂತ್ಕೊಂಡುಬಿಡ್ತಾನೆ. ಆ ಶಾಲೆಯ ಲೆಕ್ಕದಲ್ಲಿ ಕ್ಲಾಸಿನಲ್ಲಿ ಕೂತಿದ್ದೇ ಅಶಿಸ್ತು. ಬಾಬಾಸಾಹೇಬರ ಬಾಲ್ಯವೂ ಅಷ್ಟೇ. ಸಾತಾರಾದ ಶಾಲೆಯಲ್ಲಿ ಮನೆಯಿಂದ ತಂದ ಗೋಣಿಚೀಲದ ಮೇಲೆ ಬೇರೆಯಾಗಿ ಕೂರಬೇಕು, ಸಂಜೆ ಅದನ್ನ ವಾಪಸ್ ಹೊತ್ತುಕೊಂಡು ಹೋಗಬೇಕು, ಯಾಕಂದ್ರೆ ಕಸ ಗುಡಿಸೋ ಆಳೂ ಅದನ್ನ ಮುಟ್ಟಲ್ಲ. ಜವಾನ ಇದ್ದರೆ ನೀರು, ಇಲ್ಲದಿದ್ದರೆ ಬಾಯಾರಿಕೆ. ಬಾಯಾರಿದ ಆ ಹುಡುಗ ತಾನೇ ಹೋಗಿ ನಲ್ಲಿ ತಿರುಗಿಸಿದ್ದಿದ್ರೆ ಅದು ಶಾಲೆಯ ನಿಯಮ ಮುರಿದ ಹಾಗೆ. ನಿಯಮ ಪಾಲಿಸೋ ಮಗುವೇ ಒಳ್ಳೆ ಮಗು ಅನ್ನೋರು ಇದಕ್ಕೆ ಉತ್ತರ ಕೊಡಲಿ.

ಇನ್ನೊಂದು ವಿಷಯ. ಈ ಚಾರ್ಟುಗಳಲ್ಲಿ ಯಾರ ವರ್ತನೆ ಇಲ್ಲ ನೋಡಿ. ದೊಡ್ಡವರದ್ದಿಲ್ಲ. 2015ರಲ್ಲಿ ಮುಳಬಾಗಿಲು ತಾಲ್ಲೂಕಿನ ಕಗ್ಗನಹಳ್ಳಿ ಶಾಲೆ ಸುದ್ದಿಯಾಗಿದ್ದು ಯಾಕೆ? ಬಿಸಿಯೂಟ ಮಾಡ್ತಿದ್ದವರು ದಲಿತ ಹೆಣ್ಣುಮಗಳು ಅಂತ ಊರಿನೋರು ಮಕ್ಕಳನ್ನ ಶಾಲೆ ಬಿಡಿಸಿಕೊಂಡು ಹೋದ್ರು. ಒಂದು ಮಗು ಊಟದ ತಟ್ಟೆ ತಳ್ಳಿದ್ರೆ ಅದು ವರ್ತನಾ ಸಮಸ್ಯೆ. ಊರಿಗೆ ಊರೇ ತಳ್ಳಿದ್ರೆ ಅದು ‘ಸೂಕ್ಷ್ಮ ವಿಷಯ’, ಶಾಂತಿ ಸಭೆ, ತಹಶೀಲ್ದಾರರ ಮನವೊಲಿಕೆ. ಆ ಮಕ್ಕಳು ತಟ್ಟೆ ತಳ್ಳೋದನ್ನ ಯಾರಿಂದ ಕಲಿತವು? ಅವುಗಳಿಗೆ ಆ ‘ವರ್ತನೆ’ಯನ್ನ ಪ್ರತಿ ದಿನ ಮೆಚ್ಚಿ ಮೆಚ್ಚಿ ಕಲಿಸಿದೋರು ಮನೆಯಲ್ಲೇ ಇದ್ದಾರೆ. ಸಕಾರಾತ್ಮಕ ಬೆಂಬಲ ಅಂದ್ರೆ ಏನು ಅಂತ ಜಾತಿಗೆ ಬಲು ಚೆನ್ನಾಗಿ ಗೊತ್ತು.

ಮೇಷ್ಟ್ರುಗಳ ಕಷ್ಟ ನನಗೆ ಗೊತ್ತಿಲ್ಲ ಅಂತಲ್ಲ. ಐದು ತರಗತಿಗೆ ಇಬ್ಬರು, ಅದರಲ್ಲೊಬ್ಬರು ಅತಿಥಿ ಶಿಕ್ಷಕರು. ಬಿಸಿಯೂಟದ ಲೆಕ್ಕ, ಮೊಟ್ಟೆ ಲೆಕ್ಕ, ಎಸ್‌ಎಟಿಎಸ್ ಎಂಟ್ರಿ, ಜನಗಣತಿ, ಚುನಾವಣೆ. ಇದರ ಮೇಲೆ ಇನ್ನೊಂದು ಚಾರ್ಟ್ ತುಂಬಿಸು ಅಂದ್ರೆ ಅವರಿಗೂ ಕೋಪ ಬರುತ್ತೆ, ಬರಲಿ. ಆ ಟೀಚರಮ್ಮ ಮಾಡಿದ ಕೆಲಸ ಮಾಡೋಕೆ ಟೈಮ್ ಬೇಕು, ಮಕ್ಕಳ ಮುಖ ನೋಡೋ ಪುರುಸೊತ್ತು ಬೇಕು. ಖಾಲಿ ಹುದ್ದೆ ತುಂಬದೆ ತರಬೇತಿ ಮಾತ್ರ ಕೊಡೋ ಇಲಾಖೆಯನ್ನ ಕೇಳೋ ಪ್ರಶ್ನೆ ಇದು, ಬರೀ ಮೇಷ್ಟ್ರನ್ನ ಕೇಳೋದಲ್ಲ. ಆದರೆ ಪುರುಸೊತ್ತು ಇಲ್ಲದ ಮೇಷ್ಟ್ರ ಕೈ ಮೊದಲು ಏಳೋದು ಯಾವ ಮಗುವಿನ ಮೇಲೆ ಅನ್ನೋದನ್ನ ಮಾತ್ರ ಕೆಲಸದ ಒತ್ತಡದಿಂದ ವಿವರಿಸೋಕೆ ಆಗಲ್ಲ.

ನಮ್ಮ ನೆಲದಲ್ಲಿ ಇದಕ್ಕೆ ಬೇರು ಇಲ್ಲ ಅಂತಲೂ ಹೇಳಬೇಡಿ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿಕಲಿ ಇವತ್ತು ರಾಜ್ಯದ ಒಂದರಿಂದ ಮೂರನೇ ಕ್ಲಾಸಿನವರೆಗೆ ಇದೆ. ಮಕ್ಕಳು ನೆಲದ ಮೇಲೆ ಗುಂಡಗೆ ಕೂರ್ತಾರೆ. ಹಿಂದಿನ ಬೆಂಚು ಅನ್ನೋದೇ ಇಲ್ಲ. ಅದರ ಪಾಠದ ಗುಣಮಟ್ಟದ ಬಗ್ಗೆ ನನಗೆ ತಕರಾರುಗಳಿವೆ, ಅದನ್ನ ಇನ್ನೊಂದು ದಿನ ಬರೀತೀನಿ. ಆದರೆ ಆ ದುಂಡನೆ ಕೂರೋದು ಇದೆಯಲ್ಲ, ಅದು ಯಾವ ಸ್ಟಾರ್‌ಗಿಂತ ದೊಡ್ಡದು. ನಾಲ್ಕನೇ ಕ್ಲಾಸಿಗೆ ಬಂದ ಕೂಡಲೇ ಸಾಲು ಶುರುವಾಗುತ್ತೆ. ಕೊನೆಯ ಸಾಲು ಯಾರದ್ದು ಅಂತ ನಾನು ಹೇಳಬೇಕಾ?

ಹಾಗಾದ್ರೆ ಏನು ಮಾಡಬೇಕು? ಕಾರ್ಯಕ್ರಮವನ್ನ ವಿರೋಧಿಸಿ ವಾಪಸ್ ಕಳಿಸಬೇಡಿ. ಕಳಿಸಿದ್ರೆ ಬೆತ್ತದೋರಿಗೇ ಹಬ್ಬ. ಒಳಗೆ ಹೋಗಿ ಅದನ್ನ ನಮ್ಮದು ಮಾಡಿಕೊಳ್ಳಬೇಕು.

ಒಳ್ಳೆ ನಡವಳಿಕೆಯ ಪಟ್ಟಿ ಸಂಸ್ಥೆಯ ಆಫೀಸಿನಲ್ಲಿ ಪ್ರಿಂಟ್ ಆಗಿ ಬರಬಾರದು. ಎಸ್‌ಡಿಎಂಸಿಯಲ್ಲಿ, ಮಕ್ಕಳ ಮುಂದೆ, ಕೇರಿಯ ತಾಯಂದಿರು ಕೂತಿರುವಾಗ ಅದನ್ನ ಬರೀಬೇಕು. ಶಿಕ್ಷಣ ಹಕ್ಕು ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರು ಇರಬೇಕು, ಅರ್ಧದಷ್ಟು ಹೆಂಗಸರು ಇರಬೇಕು, ಹಿಂದುಳಿದ ಗುಂಪುಗಳ ಪೋಷಕರಿಗೆ ಅವರ ಪ್ರಮಾಣಕ್ಕೆ ತಕ್ಕ ಜಾಗ ಇರಬೇಕು. ಬರೀ ಹೆಬ್ಬೆಟ್ಟು ಒತ್ತಿಸಿಕೊಳ್ಳೋಕೆ ಅಲ್ಲ ಆ ಜಾಗ ಇರೋದು.

ಆ ಪಟ್ಟಿಯಲ್ಲಿ ಮೊದಲು ದೊಡ್ಡವರ ವರ್ತನೆ ಬರಬೇಕು. ಮಗುವನ್ನ ಅದರ ಹೆಸರಿನಿಂದಲೇ ಕರೀತೀವಿ, ಜಾತಿಯಿಂದಾಗಲಿ ಕೇರಿಯಿಂದಾಗಲಿ ಅಲ್ಲ. ಸ್ಕಾಲರ್‌ಶಿಪ್ ಹೆಸರು ಹೇಳಿ ‘ಎಸ್ಸಿ ಮಕ್ಕಳು ಎದ್ದು ನಿಲ್ಲಿ’ ಅನ್ನಲ್ಲ. ಕೂರೋ ಜಾಗ ವಾರಕ್ಕೊಮ್ಮೆ ಬದಲಾಗುತ್ತೆ. ಕುಡಿಯೋ ನೀರಿಗೆ, ಊಟದ ಸಾಲಿಗೆ ಹಿಂದೆ ಮುಂದೆ ಇಲ್ಲ. ಪಾಯಿಖಾನೆ ಮಕ್ಕಳ ಕೆಲಸ ಅಲ್ಲ, ಯಾವ ಮಗುವಿನದ್ದೂ ಅಲ್ಲ. ಇದಕ್ಕೆ ಮೇಷ್ಟ್ರುಗಳಿಗೆ ಸ್ಟಾರ್ ಬೇಕಿದ್ರೆ ಕೊಡೋಣ, ನನ್ನ ಅಡ್ಡಿ ಇಲ್ಲ.

ಗೋಡೆ ಮೇಲೆ ಹೆಸರು ಹಾಕಿದ ಚಾರ್ಟ್ ಬೇಡವೇ ಬೇಡ. ಇಡೀ ತಿಂಗಳು ಖಾಲಿ ಬಿದ್ದಿರೋ ಸಾಲಿನ ಮುಂದೆ ದಿನಾ ಕೂರೋ ಮಗುವಿಗೆ ಅದು ಮಾನಸಿಕ ಕಿರುಕುಳವೇ. ಮೇಲೆ ಹೇಳಿದ 17ನೇ ಸೆಕ್ಷನ್ ಅದಕ್ಕೂ ಅನ್ವಯ ಆಗುತ್ತೆ ಅಂತ ನಾನು ವಾದ ಮಾಡ್ತೀನಿ. ಮೆಚ್ಚುಗೆಯನ್ನ ಮಗುವಿನ ಕಿವಿಗೆ ಹೇಳಿ, ಅದು ಮಾಡಿದ ಕೆಲಸದ ಹೆಸರು ಹೇಳಿ ಮೆಚ್ಚಿ. ಅಷ್ಟು ಸಾಕು.

ಎಲ್ಲಕ್ಕಿಂತ ಮುಖ್ಯ, ಒಂದು ಪುಸ್ತಕ. ಯಾವ ಮಗುವನ್ನ ಎಬ್ಬಿಸಿ ನಿಲ್ಲಿಸಿದ್ರು, ಹೊರಗೆ ಕಳಿಸಿದ್ರು, ಪೋಷಕರನ್ನ ಕರೆಸಿದ್ರು, ಏನು ಕಾರಣಕ್ಕೆ, ಯಾವ ಹೊತ್ತಲ್ಲಿ ಅಂತ ಅದರಲ್ಲಿ ಬರೀಬೇಕು. ತಿಂಗಳಿಗೊಮ್ಮೆ ಹೆಸರು ಬಿಟ್ಟು, ಜಾತಿವಾರು, ಗಂಡು ಹೆಣ್ಣು ಲೆಕ್ಕ ಮಾಡಿ ಎಸ್‌ಡಿಎಂಸಿ ಸಭೆಯಲ್ಲಿ ಓದಬೇಕು. ‘ಶಾಲೆಯಲ್ಲಿ ಜಾತಿ ಬರೆಯೋದು ತಪ್ಪಲ್ವಾ ಸಾರ್?’ ಅಂತ ಕೇಳ್ತಾರೆ. ದಾಖಲಾತಿಗೆ ಜಾತಿ ಬರೆಸ್ಕೋತೀರಿ, ಎಸ್‌ಎಟಿಎಸ್‌ನಲ್ಲಿ ಬರೀತೀರಿ, ಸ್ಕಾಲರ್‌ಶಿಪ್ಪಿಗೆ ಬರೀತೀರಿ. ಪೆಟ್ಟಿನ ಲೆಕ್ಕಕ್ಕೆ ಮಾತ್ರ ಜಾತಿ ಇಲ್ಲದ ಸಮಾಜ ಆಗಿಬಿಡುತ್ತಾ?

ದೂರು ಕೊಡೋ ದಾರಿಯೂ ಗೊತ್ತಿರಲಿ. ಅದೇ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ ನಮ್ಮ ಮಕ್ಕಳ ಮೇಲೆ ತಾರತಮ್ಯ ಆಗದ ಹಾಗೆ ನೋಡಿಕೊಳ್ಳೋದು ಸ್ಥಳೀಯ ಪ್ರಾಧಿಕಾರದ ಕರ್ತವ್ಯ. 32ನೇ ಸೆಕ್ಷನ್ ಪ್ರಕಾರ ಲಿಖಿತ ದೂರು ಕೊಟ್ಟರೆ ಮೂರು ತಿಂಗಳೊಳಗೆ ತೀರ್ಮಾನ ಆಗಬೇಕು. ಒಪ್ಪಿಗೆ ಆಗದಿದ್ರೆ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ. ತುರ್ತು ಇದ್ದರೆ 1098. ಜಾತಿ ಹೆಸರು ಹಿಡಿದು ಅವಮಾನ ಮಾಡಿದ್ರೆ ದೌರ್ಜನ್ಯ ತಡೆ ಕಾಯ್ದೆ ಇದೆ. ಬಾಯಿಮಾತಿನ ದೂರು ಬೇಡ. ಬರೆದು ಕೊಟ್ಟು ಸ್ವೀಕೃತಿ ತಗೊಳ್ಳಿ.

ಮುಂದಿನ ತಿಂಗಳು ನಮ್ಮ ಶಾಲೆಯಲ್ಲಿ ಈ ಕಾರ್ಯಕ್ರಮದ ಬಗ್ಗೆ ಎಸ್‌ಡಿಎಂಸಿ ಸಭೆ ಇದೆ. ನಾನು ಆ ಪುಸ್ತಕದ ಬೇಡಿಕೆ ಇಡ್ತೀನಿ, ಅದನ್ನ ನಡಾವಳಿಯಲ್ಲಿ ಬರೆಯೋವರೆಗೂ ಸಹಿ ಹಾಕಲ್ಲ. ನಿಮ್ಮ ಊರಲ್ಲೂ ಸಭೆ ಇದ್ದರೆ ಕಾಮೆಂಟಿನಲ್ಲಿ ತಿಳಿಸಿ. ಪುಸ್ತಕದ ಕಾಲಂಗಳು ಹೇಗಿರಬೇಕು ಅಂತ ಒಂದು ಹಾಳೆಯಲ್ಲಿ ಬರೆದಿಟ್ಟಿದೀನಿ, ಬೇಕಾದೋರಿಗೆ ಕಳಿಸ್ತೀನಿ. ಮಕ್ಕಳ ಗ್ರಾಮಸಭೆಗೆ ನಮ್ಮ ಮಕ್ಕಳನ್ನೂ ಕರ್ಕೊಂಡು ಬನ್ನಿ, ಅವರೇ ಮಾತಾಡಲಿ.

ಜೈ ಭೀಮ್.